ಹೆಣ್ಣು ಹುಡುಕಿದ ಹಾಗೆ ಕೆಲಸ ಹುಡುಕಿದ್ದು

ಕೆಲಸ ಹೋಗಿ ಒಂಬತ್ತು ದಿನ ಆದರೂ ನಾನು ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಕೊಂಡು ಮನೆಯಿಂದ ಹೊರಡುತ್ತಿದ್ದೆ. ನಮ್ಮ ಯಜಮಾನರಿಗೆ ವಿಷಯ ಗೊತ್ತಿತ್ತು. ಮಗನಿಗೂ ಗೊತ್ತಿತ್ತು. ಗೊತ್ತಾಗಬಾರದು ಅಂತ ಇದ್ದದ್ದು ಕೆಳಗಿನ ಮನೆಯ ಓನರ್ ಆಂಟಿಗೆ. ಮೈಸೂರಿನ ಕುವೆಂಪುನಗರದಿಂದ ಹೊರಟು ಕುಕ್ಕರಹಳ್ಳಿ ಕೆರೆಗೆ ಹೋಗುವುದು, ಒಂದು ಸುತ್ತು ಹಾಕುವುದು, ಕಲ್ಲುಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಅರ್ಜಿ ಹಾಕುವುದು. ಹನ್ನೊಂದು ಗಂಟೆಗೇ ಡಬ್ಬಿ ಖಾಲಿ. ಆಮೇಲೆ ಏನು ಮಾಡೋದು ಅಂತ ಗೊತ್ತಾಗದೆ ಬಸ್ ಹತ್ತಿ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹತ್ತಿ ವಾಪಸ್ ಬರುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ 11 ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ತಿಂಗಳು ಅಂದರೆ ನನಗೆ 7ಕ್ಕೆ ಹಿಡಿದಿಟ್ಟ ತೆರಿಗೆ ಕಟ್ಟುವ ಟಿಡಿಎಸ್, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ. ಹಬ್ಬ ಹರಿದಿನವೂ ಇದರ ನಡುವೆ ಎಲ್ಲಾದರೂ ತೂರಿಕೊಳ್ಳಬೇಕಿತ್ತು. ಒಂದು ದಿನ ಲೆಕ್ಕಪತ್ರ ಪೂರ್ತಿ ಹೆಡ್ಡಾಫೀಸಿನಿಂದಲೇ ಮಾಡ್ತೀವಿ ಅಂದರು. ಮೈಸೂರಿನ ನಾಲ್ಕು ಜನಕ್ಕೆ ಮೂರು ತಿಂಗಳ ಸಂಬಳ ಕೊಟ್ಟು ಕೈಮುಗಿದರು. ಜಗಳ ಇಲ್ಲ, ಕೂಗಾಟ ಇಲ್ಲ. ಜಗಳವಾದರೂ ಆಗಿದ್ದಿದ್ದರೆ ಒಂದು ಸಮಾಧಾನ ಇರುತ್ತಿತ್ತು.

ಎರಡು ತಿಂಗಳಲ್ಲಿ 73 ಕಡೆ ಅರ್ಜಿ ಹಾಕಿದೆ. ಲೆಕ್ಕ ಇಡುವುದು ಅಭ್ಯಾಸ, ಅದಕ್ಕೂ ಒಂದು ಎಕ್ಸೆಲ್ ಶೀಟು ಮಾಡಿದ್ದೆ. ಫೋನ್ ಬಂದದ್ದು ನಾಲ್ಕು. ಅದರಲ್ಲಿ ಒಂದು ಇನ್ಶೂರೆನ್ಸ್ ಮಾರುವ ಕೆಲಸಕ್ಕೆ. ಇನ್ನೊಬ್ಬರು ನನ್ನ ಹೆಸರನ್ನೇ ತಪ್ಪಾಗಿ ಕರೆದು, ಆಮೇಲೆ ಮಾಡ್ತೀವಿ ಅಂತ ಇಟ್ಟರು. ಆ ಶೀಟು ನೋಡಿದಾಗಲೆಲ್ಲ ನನಗೆ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ನೆನಪಾಗುತ್ತಿತ್ತು. ಡಿಗ್ರಿ ಮುಗಿದ ವರ್ಷ ಅಪ್ಪ ಕೈಹಿಡಿದು ಕರೆದುಕೊಂಡು ಹೋಗಿ ಹೆಸರು ಬರೆಸಿದ್ದರು. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್. ಎರಡು ಸಲ ನಿಷ್ಠೆಯಿಂದ ಮಾಡಿಸಿದೆ. ಕರೆ ಮಾತ್ರ ಬರಲೇ ಇಲ್ಲ. ಖಾಲಿ ಹುದ್ದೆ ಇದ್ದರೆ ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು ಅಂತ 1959ರ ಕಾಯ್ದೆ ಹೇಳುತ್ತಿತ್ತು. ಆದರೆ ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕು ಅಂತ ಹೇಳುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ತೀರಾ ಇತ್ತೀಚೆಗೆ. ಅಪ್ಪನಿಗೆ ಗೊತ್ತೇ ಆಗಲಿಲ್ಲ, ಪಾಪ.

ಇಷ್ಟು ದಿನದಲ್ಲಿ ನಾನು ಯಾರನ್ನೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಬಾರದು ಅಂತಲೇ ಬೆಳೆದವಳು ನಾನು. ಅಪ್ಪ ಹೇಳುತ್ತಿದ್ದರು: ಸಾಲ ಬೇಕಾದರೆ ಸೊಸೈಟಿಗೆ ಹೋಗು, ನೆಂಟರ ಬಾಗಿಲಿಗೆ ಹೋಗಬೇಡ. ಹಂಗು ಅನ್ನುವ ಮಾತು ನಮ್ಮ ಮನೆಯಲ್ಲಿ ಬೈಗುಳದ ಹಾಗೆ. ಅದಕ್ಕೆ ಕಾರಣವೂ ಇತ್ತು. ನಮ್ಮ ದೊಡ್ಡಪ್ಪನ ಪೈಕಿಯವರೊಬ್ಬರು ನನ್ನ ಅಣ್ಣನ ವಾರಗೆಯ ಹುಡುಗನೊಬ್ಬನಿಗೆ ಕೆಲಸ ಕೊಡಿಸಿದ್ದರು. ಆಮೇಲೆ ಇಪ್ಪತ್ತು ವರ್ಷ, ಯಾವ ಮದುವೆ ಮನೆಯಾಗಲಿ, ಪಂಕ್ತಿಯಲ್ಲಿ ಕೂತ ತಕ್ಷಣ "ಇವನ ಅನ್ನಕ್ಕೆ ದಾರಿ ಮಾಡಿದ್ದು ನಾನೇ" ಅಂತ ಶುರು. ಆ ಹುಡುಗ ಬಾಳೆ ಎಲೆ ನೋಡಿಕೊಂಡು ಕೂತಿರುತ್ತಿದ್ದ. ಅವನಿಗೆ ಈಗ ತಲೆ ನರೆತಿದೆ. ಈಗಲೂ ಎಲೆ ನೋಡಿಕೊಂಡೇ ಕೂರುತ್ತಾನೆ.

ಪಿತೃಪಕ್ಷಕ್ಕೆ ಊರಿಗೆ ಹೋದೆ. ಪಾಂಡವಪುರದ ಹತ್ತಿರ ನಮ್ಮೂರು. ನಾನು ಅಡುಗೆಮನೆಯಲ್ಲಿ ವಡೆ ತಟ್ಟುತ್ತಿದ್ದೆ. ಅವ್ವ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖವನ್ನೇ ನೋಡಿ "ಕೆಲ್ಸ ಹೋಯ್ತಾ?" ಅಂದರು. ಯಾರೂ ಹೇಳಿರಲಿಲ್ಲ. ತಾಯಂದಿರಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ, ಅಲ್ವಾ. ಎರಡು ತಿಂಗಳಿಂದ ಯಾರಿಗೂ ಹೇಳಿಲ್ಲ ಅಂದೆ. ಅವ್ವನಿಗೆ ಕೆಲಸ ಹೋದದ್ದಕ್ಕಿಂತ ಇದಕ್ಕೇ ಜಾಸ್ತಿ ಸಿಟ್ಟು ಬಂತು.

"ನಿಮ್ಮಣ್ಣಂಗೆ ಹೆಣ್ ಹುಡುಕ್ದಾಗ ಯಾರ್‌ಗ್ ಹೇಳ್ದೆ ಬುಟ್ಟಿದ್ವವ್ವ? ಬಳೆ ಮಾರೋಳ್ಗೂ ಹೇಳಿದ್ದೆ ಕನವ್ವ. ಅದ್ಕಿಲ್ದೆ ಇರೋ ನಾಚ್ಕೆ ಇದ್ಕ್ಯಾಕೆ?"

ನಿಜ. ಅಣ್ಣನಿಗೆ ಹೆಣ್ಣು ಹುಡುಕಿದ್ದು ಮೂರು ವರ್ಷ. ಬೇಸಾಯಗಾರನಿಗೆ ಹೆಣ್ಣು ಕೊಡುವವರು ನಮ್ಮ ಕಡೆ ಎಷ್ಟು ಕಮ್ಮಿ ಅನ್ನುವುದು ಎಲ್ಲರಿಗೂ ಗೊತ್ತು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಹುಡುಗರು ಪಾದಯಾತ್ರೆ ಹೋದದ್ದು ಪೇಪರಿನಲ್ಲೆಲ್ಲ ಬಂದಿತ್ತು. ನಮಗೆ ಹೆಣ್ಣು ಸಿಗುತ್ತಿಲ್ಲ ಅಂತ ರಸ್ತೆ ಮೇಲೆ ನಡೆದುಕೊಂಡು ಊರಿಗೆಲ್ಲ ಹೇಳುವ ಧೈರ್ಯ ಅವರಿಗಿತ್ತು. ನನಗೆ ಓನರ್ ಆಂಟಿಗೆ ಹೇಳುವ ಧೈರ್ಯ ಇರಲಿಲ್ಲ.

ಅಣ್ಣನ ಮದುವೆ ಹೇಗೆ ಕುದುರಿತು ಅಂತ ಆ ರಾತ್ರಿ ನೆನೆಸಿಕೊಂಡೆ. ಶುರುವಿನಲ್ಲಿ ಅವ್ವ "ಎಲ್ಲಾದ್ರೂ ಒಳ್ಳೆ ಹುಡುಗಿ ಇದ್ರೆ ಹೇಳಿ" ಅನ್ನುತ್ತಿದ್ದರು. ಎಲ್ಲರೂ ಹೂಂ ಅನ್ನುತ್ತಿದ್ದರು, ಮರೆಯುತ್ತಿದ್ದರು. ಆಮೇಲೆ ಅವ್ವ ಮಾತು ಬದಲಾಯಿಸಿದರು. "ಡಿಗ್ರಿ ಆಗಿರ್ಲಿ, ಮಳವಳ್ಳಿ, ಕೆ.ಆರ್. ಪೇಟೆ ಕಡೆ ಆದ್ರೂ ಆಗ್ಬೋದು, ಹಸು ಎಮ್ಮೆ ಕಂಡ್ರೆ ಮುಖ ಸಿಂಡರಿಸ್ದೇ ಇರೋ ಮಗಿನೇ ಆಗ್ಬೇಕು." ಹೀಗಂದಾಗ ಕೇಳಿದವರ ಕಣ್ಣ ಮುಂದೆ ಯಾವುದೋ ಒಂದು ಮುಖ ಬರುತ್ತಿತ್ತು. ಕೊನೆಗೆ ಸುದ್ದಿ ತಂದದ್ದು ನಮ್ಮ ಅತ್ತೆಯಲ್ಲ, ಮಾವನಲ್ಲ. ಹಾಲಿನ ಡೈರಿ ಸೆಕ್ರೆಟರಿಯ ಭಾಮೈದ. ಅವನು ನಮ್ಮ ಮನೆಗೆ ಬಂದದ್ದೇ ಎರಡು ಸಲ. ಮದುವೆಗೂ ಅವನನ್ನು ಕರೆಯುವುದು ಮರೆತಿದ್ದೆವು, ಹಿಂದಿನ ದಿನ ಓಡಿಹೋಗಿ ಕರೆದು ಬಂದದ್ದು ಅಣ್ಣ.

ಮೈಸೂರಿಗೆ ವಾಪಸ್ ಬಂದು ವಾಟ್ಸಾಪಿನಲ್ಲಿ ಸುಮಾರು 40 ಜನಕ್ಕೆ ಬರೆದೆ. ಮೊದಲ ಸಲ ನಾನೂ ಅವ್ವನ ಹಳೇ ತಪ್ಪನ್ನೇ ಮಾಡಿದೆ. "ಕೆಲಸ ಹುಡುಕುತ್ತಿದ್ದೇನೆ, ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ." ಬಂದದ್ದೆಲ್ಲ ಕೈಮುಗಿದ ಚಿತ್ರ. "ಷೂರ್ ಮೇಡಂ." "ದೇವರಿದ್ದಾನೆ." ಒಂದು ವಾರ ಬಿಟ್ಟು ಇನ್ನೊಂದು ಬರೆದೆ: ಜಿಎಸ್‌ಟಿ, ಟಿಡಿಎಸ್, ಸ್ಟಾಕ್ ಆಡಿಟ್, 11 ವರ್ಷ, ಫ್ಯಾಕ್ಟರಿ ಅಕೌಂಟ್ಸ್. ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಮೂರೂ ಕಡೆ ಆಗುತ್ತದೆ. ನೀವು ನನಗೆ ಕೆಲಸ ಕೊಡಿಸಬೇಕಾಗಿಲ್ಲ. ಯಾವುದಾದರೂ ಕಂಪನಿಯಲ್ಲಿ ಅಕೌಂಟ್ಸ್‌ನವರು ಬಿಟ್ಟು ಹೋದರು ಅಂತ ಕಿವಿಗೆ ಬಿದ್ದರೆ ಒಂದು ಮೆಸೇಜ್ ಹಾಕಿ, ಸಾಕು.

ಈ ಕೊನೆಯ ಸಾಲನ್ನು ಬರೆಯುವಾಗಲೇ ನನ್ನ ಎದೆಯ ಭಾರ ಅರ್ಧ ಇಳಿಯಿತು. ಕೆಲಸ ಕೇಳಿದರೆ ಹಂಗು. ಸುದ್ದಿ ಕೇಳಿದರೆ ಏನು ಹಂಗು? ಮಳೆ ಬಂತಾ, ಬೆಲ್ಲದ ರೇಟು ಎಷ್ಟು, ನಾಲೆಗೆ ನೀರು ಬಿಟ್ಟರಾ ಅಂತ ದಿನಾ ಕೇಳ್ತೀವಿ. ಕೇಳಿಸಿಕೊಂಡವರಿಗೂ ಹಗುರ. ಇವಳಿಗೆ ನಾನೆಲ್ಲಿಂದ ಕೆಲಸ ತರಲಿ ಅನ್ನುವ ಸಂಕಟ ಅವರಿಗಿಲ್ಲ. ಆ ಸಲ ಕೈಮುಗಿದ ಚಿತ್ರ ಕಮ್ಮಿ ಬಂತು, ಪ್ರಶ್ನೆ ಜಾಸ್ತಿ ಬಂತು. "ಮೇಡಂ, ಎಕ್ಸ್‌ಪೋರ್ಟ್ ಬಿಲ್ಲಿಂಗ್ ಗೊತ್ತಾ?" "ಸಾಫ್ಟ್‌ವೇರಲ್ಲಿ ಸ್ಯಾಪ್ ಮಾಡಿದ್ದೀರಾ, ಬರೀ ಟ್ಯಾಲಿನಾ?"

ಒಂದು ಫೋನು ಮಾತ್ರ ಬೇರೆ ಥರ ಬಂತು. ಯಾವುದೋ ಸರ್ಕಾರಿ ಆಫೀಸಿನಲ್ಲಿ ಹೊರಗುತ್ತಿಗೆ ಪೋಸ್ಟ್ ಇದೆ, ಸಾಹೇಬರು ಬಹಳ ಪರಿಚಯ, 50,000 ರೆಡಿ ಮಾಡಿಕೊಳ್ಳಿ ಅಂತ. ನಂಬರ್ ಬ್ಲಾಕ್ ಮಾಡಿದೆ. ಕೆಲಸ ಹುಡುಕುವವರ ಸುತ್ತ ಇಂಥವರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬರುತ್ತಾರೆ. ಇವರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದು ದಂಡ.

ಆ ದಿನಗಳಲ್ಲೇ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ನನ್ನ ಜೊತೆಗೇ ಕೆಲಸ ಕಳೆದುಕೊಂಡ ಮೂವರಲ್ಲಿ ಇಬ್ಬರು ಗಂಡಸರು. ಇಬ್ಬರಿಗೂ ಒಂದು ತಿಂಗಳೊಳಗೆ ಬೇರೆ ಕಡೆ ಆಗಿತ್ತು. ಹೇಗೆ ಅಂದರೆ, ನಮ್ಮ ಕಂಪನಿ ಗೇಟಿನ ಎದುರಿಗೆ ಒಂದು ಟೀ ಅಂಗಡಿ. ಸಂಜೆ ಐದೂವರೆಗೆ ಸುತ್ತಮುತ್ತಲಿನ ನಾಲ್ಕೈದು ಫ್ಯಾಕ್ಟರಿಯವರೆಲ್ಲ ಅಲ್ಲಿ ಸೇರುತ್ತಿದ್ದರು. ಯಾರು ನೋಟಿಸ್ ಕೊಟ್ಟರು, ಯಾವ ಮ್ಯಾನೇಜರ್ ಪುಣೆಗೆ ಹೊರಟ, ಎಲ್ಲಿ ಹೊಸ ಲೈನ್ ಹಾಕುತ್ತಿದ್ದಾರೆ, ಎಲ್ಲ ಅಲ್ಲಿ ಅರ್ಧ ಟೀಗೆ ಸಿಗುತ್ತಿತ್ತು. ನಾನು 11 ವರ್ಷ ಆ ಅಂಗಡಿ ಮುಂದೆಯೇ ಓಡಿ ಹೋಗಿ ಬಸ್ ಹಿಡಿದಿದ್ದೇನೆ. ಮಗ ಟ್ಯೂಷನ್ನಿಂದ ಬರುವಷ್ಟರಲ್ಲಿ ಮನೆಯಲ್ಲಿರಬೇಕಿತ್ತು. ಒಂದು ಸಲವೂ ಅಲ್ಲಿ ನಿಂತು ಟೀ ಕುಡಿದಿಲ್ಲ. ಹೆಂಗಸು ನಿಂತರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಆದರೆ ಮಾತು ನಿಂತುಹೋಗುತ್ತಿತ್ತು. ಅವರು ಕೆಟ್ಟವರಲ್ಲ. ಒಬ್ಬರು ಆಮೇಲೆ ನನಗೆ ಫೋನ್ ಮಾಡಿ, "ಅಯ್ಯೋ ಮೇಡಂ, ನಿಮ್ಮ ನೆನಪೇ ಆಗಲಿಲ್ಲ" ಅಂದರು. ನೆನಪಾಗಲಿಲ್ಲ, ಅಷ್ಟೇ. ಅದೇ ಜಾಸ್ತಿ ಚುಚ್ಚಿತು.

ಹೆಂಗಸರಿಗೆ ಟೀ ಅಂಗಡಿ ಇಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಇದೆ, ಅದು ರೈಲಿನಲ್ಲಿದೆ ಅಂತ ಡಿಸೆಂಬರಿನಲ್ಲಿ ಗೊತ್ತಾಯಿತು.

ಬೆಂಗಳೂರಿಗೆ ಒಂದು ಇಂಟರ್‌ವ್ಯೂಗೆ ಹೋಗಿ, ಆಗಲ್ಲ ಅನ್ನಿಸಿಕೊಂಡು, ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ದಿನಾ ಓಡಾಡುವವರ ರೈಲು ಅದು. ಮಂಡ್ಯ, ಮದ್ದೂರಿನಿಂದ ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ ಪಾಸಿನವರು. ಹೆಂಗಸರೇ ತುಂಬಿದ್ದ ಬೋಗಿ ಹತ್ತಿದೆ. ಕೆಂಗೇರಿ ದಾಟುವುದರೊಳಗೆ ಎದುರು ಸೀಟಿನಲ್ಲಿ ಒಬ್ಬರು ಮಡಿಲಲ್ಲಿ ಪೇಪರ್ ಹಾಸಿಕೊಂಡು ಅವರೆಕಾಯಿ ಸುರಿದುಕೊಂಡರು. ಬೋಗಿಗೆಲ್ಲ ಸೊಗಡು. ಪಕ್ಕದವರು ಕೇಳದೆಯೇ ಎರಡು ಹಿಡಿ ತೆಗೆದುಕೊಂಡು ಸುಲಿಯತೊಡಗಿದರು. ಅವರ ಪಕ್ಕದವರೂ. ನನ್ನ ಕಡೆಗೂ ಒಂದು ಹಿಡಿ ಬಂತು. ಸುಮ್ನೆ ಕೂತಿದ್ದೆ, ಸುಲಿದೆ. ಕಾಳು ಒಂದು ಸ್ಟೀಲ್ ಡಬ್ಬಿಗೆ, ಸಿಪ್ಪೆ ಪ್ಲಾಸ್ಟಿಕ್ ಕವರಿಗೆ. ಹುಳ ಇದ್ದ ಕಾಯಿ ಸಿಕ್ಕಾಗ ಎಲ್ಲರೂ ಒಟ್ಟಿಗೆ "ಥೂ" ಅನ್ನುವುದು. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾವ ಆಫೀಸಿನಲ್ಲಿ ಬಯೋಮೆಟ್ರಿಕ್ ಕೆಟ್ಟಿದೆ, ಚೀಟಿ ಯಾರು ಕೂಗಿದರು, ಎಲ್ಲ ಅಲ್ಲೇ.

ಅವರೆಕಾಯಿಯ ಒಡತಿ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. "ನೀವು ಸರಸ್ವತಿಪುರಂ ಆಡಿಟರ್ ಆಫೀಸಲ್ಲಿ ಇದ್ರಲ್ವಾ?" ಅಂದರು. ಮದುವೆಗೆ ಮುಂಚೆ ಎಂಟು ತಿಂಗಳು ಇದ್ದೆ. ಅವರು ಆಗ ಅಲ್ಲಿಗೆ ಯಾವುದೋ ಕಂಪನಿಯ ಫೈಲು ತರುತ್ತಿದ್ದವರು. ಅವರ ಹೆಸರು ನನಗೆ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ಅಕ್ಕ ಅಂತ ಕರೆಯುತ್ತಿದ್ದೆ. ಈಗಲೂ ಅಕ್ಕ ಅಂದೆ. ಏನು ಮಾಡ್ತಿದ್ದೀರಿ ಅಂದರು. ಅವ್ವನ ಮಾತು ನೆನಪಿತ್ತು. ಮುಚ್ಚಿಡದೆ ಹೇಳಿದೆ. ಜಿಎಸ್‌ಟಿ, ಫ್ಯಾಕ್ಟರಿ ಅಕೌಂಟ್ಸ್, ನಂಜನಗೂಡಾದರೂ ಪರವಾಗಿಲ್ಲ.

ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ನಂಜನಗೂಡು ರೋಡಲ್ಲಿ ಪ್ಯಾಕಿಂಗ್ ಮೆಟೀರಿಯಲ್ ಮಾಡೋರೊಬ್ರು ಇದಾರಲ್ಲ, ಅಲ್ಲಿ ಹುಡುಗಿ ಬಿಟ್ಟೋದ್ಲು. ಹೆರಿಗೆಗೆ ಹೋದೋಳು ಬರಲ್ಲ ಅಂದ್ಲಂತೆ. ನಮಗೆ ಅವ್ರೇ ಸಪ್ಲೈ. ಬಿಲ್ಲಲ್ಲಿ ಬರೀ ತಪ್ಪು ಬರ್ತಿದೆ ಈಗ." ಅಷ್ಟೇ. ಶಿಫಾರಸು ಮಾಡ್ತೀನಿ ಅನ್ನಲಿಲ್ಲ, ಕೊಡಿಸ್ತೀನಿ ಅನ್ನಲಿಲ್ಲ. ಮಂಡ್ಯ ಬಂತು. ಡಬ್ಬಿ ಮುಚ್ಚಿಕೊಂಡರು, ಸಿಪ್ಪೆಯ ಕವರು ಗಂಟು ಹಾಕಿದರು, ನಂಬರ್ ಕೊಟ್ಟು ಇಳಿದರು. ಹೆಸರು ಕೇಳಲು ಆಗಲೂ ನಾಚಿಕೆಯಾಗಿ 'ಅಕ್ಕ ಅವರೆಕಾಯಿ' ಅಂತ ಸೇವ್ ಮಾಡಿಕೊಂಡೆ.

ಮಾರನೇ ದಿನ ಆ ಕಂಪನಿಗೆ ನೇರವಾಗಿ ಹೋದೆ. ಹುದ್ದೆಯ ಜಾಹೀರಾತು ಎಲ್ಲೂ ಇರಲಿಲ್ಲ. ಮ್ಯಾನೇಜರಿಗೇ ಆಶ್ಚರ್ಯ, ನಿಮಗೆ ಹೇಗೆ ಗೊತ್ತಾಯಿತು ಅಂತ. ರೈಲಿನಲ್ಲಿ ಅಂದೆ. ನಕ್ಕರು. ಆಮೇಲೆ ನಗಲಿಲ್ಲ. ಎರಡು ತಿಂಗಳ 2ಬಿ ಪಟ್ಟಿಯನ್ನೂ (ಕಂಪನಿಗೆ ಮಾಲು ಮಾರಿದವರು ಜಿಎಸ್‌ಟಿಗೆ ತೋರಿಸಿದ ಬಿಲ್ಲುಗಳ ಪಟ್ಟಿ) ಪರ್ಚೇಸ್ ರಿಜಿಸ್ಟರನ್ನೂ ಮುಂದಿಟ್ಟು, ಎಲ್ಲಿ ಹೊಂದುತ್ತಿಲ್ಲ ಹೇಳಿ ಅಂದರು. ಒಂದೂವರೆ ಗಂಟೆ ತಗೊಂಡೆ. ಇನ್ನೊಂದು ರೌಂಡ್, ಮೂರು ವಾರ ಕಾಯಿಸಿದ್ದು, ಸಂಬಳದ ಚೌಕಾಶಿ, ಎಲ್ಲ ಆಯಿತು. ಹಿಂದಿನದಕ್ಕಿಂತ 2,000 ಕಮ್ಮಿಗೆ ಒಪ್ಪಿದೆ. ಸುದ್ದಿ ನನ್ನನ್ನು ಬಾಗಿಲ ತನಕ ಮಾತ್ರ ತಂದು ಬಿಟ್ಟಿತ್ತು. ಆದರೆ 73 ಅರ್ಜಿಯಲ್ಲಿ ಒಂದೂ ನನ್ನನ್ನು ಆ ಬಾಗಿಲ ತನಕವೂ ತಂದಿರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಮಾರ್ಕ್ ಗ್ರಾನೊವೆಟರ್ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞ. ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ, ಹೊಸದಾಗಿ ಕೆಲಸ ಬದಲಾಯಿಸಿದವರನ್ನು ಕೂರಿಸಿಕೊಂಡು ಸುದ್ದಿ ಹೇಗೆ ಸಿಕ್ಕಿತು ಅಂತ ಕೇಳಿದ್ದರು. 1973ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ, ವಾರಕ್ಕೆರಡು ಸಲವಾದರೂ ನೋಡುವ ಆಪ್ತರಿಂದ ಸುದ್ದಿ ಬಂದದ್ದು ನೂರಕ್ಕೆ ಸುಮಾರು 17 ಜನಕ್ಕೆ. ವರ್ಷಕ್ಕೊಮ್ಮೆಯೂ ನೋಡುವುದು ಕಷ್ಟ ಅನ್ನುವಂಥವರಿಂದ ಬಂದದ್ದು ಸುಮಾರು 28 ಜನಕ್ಕೆ. ಉಳಿದ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಗಾಗ ಸಿಗುವವರಿಂದ. ಗೆಳೆಯರು ಹೇಳಿದರಾ ಅಂತ ಕೇಳಿದರೆ, "ಗೆಳೆಯರಲ್ಲ, ಪರಿಚಯದವರು" ಅಂತ ಜನ ತಿದ್ದುತ್ತಿದ್ದರಂತೆ. ಕಾರಣ ಸರಳ. ನನ್ನ ಅತ್ತಿಗೆ, ನನ್ನ ಗೆಳತಿಯರಿಗೆ ನನ್ನ ಮೇಲೆ ಪ್ರೀತಿ ಬೇಕಾದಷ್ಟಿದೆ. ಆದರೆ ಅವರಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತು. ಡೈರಿ ಸೆಕ್ರೆಟರಿಯ ಭಾಮೈದ ಬೇರೆ ಊರಿನ ನೀರು ಕುಡಿದು ಬಂದವನು.

ಹೆಚ್ಚುಕಮ್ಮಿ ಐವತ್ತು ವರ್ಷ ಆದ ಮೇಲೆ, ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ 2 ಕೋಟಿ ಜನರ ಮೇಲೆ, ಐದು ವರ್ಷದ ಅವಧಿಯಲ್ಲಿ, ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2022ರಲ್ಲಿ ಅದು ಬಂತು. ತೀರಾ ಆಪ್ತರಿಗಿಂತ ಅಷ್ಟಕ್ಕಷ್ಟೇ ಪರಿಚಯದವರಿಂದಲೇ ಕೆಲಸ ಬದಲಾಯಿಸಲು ಅನುಕೂಲ ಜಾಸ್ತಿಯಂತೆ. ಆದರೆ ಪೂರ್ತಿ ಅಪರಿಚಿತರ ಹಾಗೆ ಇರುವವರಿಂದ ಅಷ್ಟಿಲ್ಲ. ಇನ್ನೊಂದು ಮಾತೂ ಅದರಲ್ಲಿದೆ: ಕಂಪ್ಯೂಟರ್ ಹೆಚ್ಚು ಹೊಕ್ಕಿರದ ಉದ್ಯಮಗಳಲ್ಲಿ ಹತ್ತಿರದವರೇ ಜಾಸ್ತಿ ಕೆಲಸಕ್ಕೆ ಬರುತ್ತಾರೆ. ಟೀ ಅಂಗಡಿಯವರು ನೆನಪಾದರು.

ಇಷ್ಟೆಲ್ಲ ಹೇಳಿದ ಮೇಲೂ ಪರಿಚಯದ ಬಗ್ಗೆ ನನಗೊಂದು ಕಸಿವಿಸಿ ಇದ್ದೇ ಇದೆ. ಆ ರೈಲಿಗೆ ಮುಂಚೆ, ನವೆಂಬರಿನಲ್ಲಿ, ನಮ್ಮ ಕಡೆಯ ಹಿರಿಯರೊಬ್ಬರನ್ನು ಭೇಟಿ ಮಾಡಿದ್ದೆ. ಅವರು ನನ್ನ ರೆಸ್ಯೂಮೆ ನೋಡಲೇ ಇಲ್ಲ. "ಯಾವೂರವ್ವ? ಯಾರ ಪೈಕಿ?" ಅಂದರು. ಪೈಕಿ ಗೊತ್ತಾದ ಮೇಲೆ ಮುಖ ಅರಳಿತು. "ನಮ್ಮೋರೇ ಒಬ್ರು ಜಿ.ಎಂ. ಇದಾರೆ, ಹೇಳ್ತೀನಿ ಬಿಡು." ಹೊರಗೆ ಬಂದಾಗ ಖುಷಿಯೂ ಆಯಿತು, ಬಾಯಲ್ಲಿ ಏನೋ ಒಗರೂ ಉಳಿಯಿತು. ನಾನು ನಮ್ಮೋಳಲ್ಲದೇ ಇದ್ದಿದ್ದರೆ? ನಮ್ಮ ಹಳೇ ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ನೂರು ವರ್ಷದ ಹಿಂದೆಯೇ ಎದ್ದಿತ್ತು. ಸರ್ಕಾರಿ ಕೆಲಸವೆಲ್ಲ ಒಂದೇ ಸಮುದಾಯದವರ ಪಾಲಾಗಿದೆ ಅನ್ನುವ ದೂರು ಬಂದಾಗ ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮೀಸಲಾತಿಯ ದಾರಿ ತೆರೆದದ್ದು ಆ ವರದಿ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಹೀಗೆ ಸಮುದಾಯ ನೋಡಿ ಕೆಲಸ ಕೊಡುವುದು ಒಪ್ಪಿಗೆಯಾಗಲಿಲ್ಲ, ವರದಿ ಬರುವ ಮುಂಚೆಯೇ ಅವರು ಹುದ್ದೆ ಬಿಟ್ಟರು. ಆಗ ಬಾಗಿಲ ಹೊರಗೆ ನಿಂತವರಲ್ಲಿ ನಮ್ಮ ತಾತಂದಿರ ಕಡೆಯವರೂ ಇದ್ದರು. ಈಗ ಆ ಜಿ.ಎಂ. ಕೋಣೆಯ ಒಳಗೆ ಕೂತು ನಾವೇ "ಯಾರ ಪೈಕಿ" ಅಂತ ಕೇಳುತ್ತಿದ್ದೇವೆ. ಆ ಜಿ.ಎಂ.ಗೆ ನಾನು ಫೋನ್ ಮಾಡಲಿಲ್ಲ. ತತ್ವ ಅಂತ ಕೊಚ್ಚಿಕೊಳ್ಳಲಾರೆ. ಜನವರಿ ತನಕ ಕೆಲಸ ಆಗದೇ ಇದ್ದಿದ್ದರೆ ಮಾಡುತ್ತಿದ್ದೆನೋ ಏನೋ.

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದರೂ ಅವರೆಕಾಯಿ ಅಕ್ಕನಿಗೆ ಒಂದು ಫೋನ್ ಮಾಡಿರಲಿಲ್ಲ. ಮಾಡಬೇಕು ಅನ್ನುವುದು ತಲೆಯಲ್ಲಿತ್ತು. 20 ಕಳೆಯಲಿ, ಮಾರ್ಚ್ ಮುಗಿಯಲಿ ಅಂತ ಮುಂದಕ್ಕೆ ಹೋಗುತ್ತಿತ್ತು. ಮೊನ್ನೆ ಭಾನುವಾರ ಮಾಡಿದೆ. ಕೆಲಸ ಸಿಕ್ಕಿದ್ದು ನಿಮ್ಮಿಂದಲೇ ಅಕ್ಕ, ಥ್ಯಾಂಕ್ಸ್ ಹೇಳೋಣ ಅಂತ ಅಂದೆ.

"ಯಾವ ಕೆಲ್ಸ?" ಅಂದರು.

ರೈಲು, ಅವರೆಕಾಯಿ, ನಂಜನಗೂಡು ರೋಡು, ಹೆರಿಗೆಗೆ ಹೋದ ಹುಡುಗಿ, ಎಲ್ಲ ನೆನಪಿಸಿದೆ. "ಓ, ಹೌದಾ? ನಾನ್ ಹೇಳಿದ್ನಾ?" ಅಂತ ಜೋರಾಗಿ ನಕ್ಕರು. ಮದುವೆ ಪಂಕ್ತಿಯಲ್ಲಿ ಎಲೆ ನೋಡಿಕೊಂಡು ಕೂರುವ ಆ ಮನುಷ್ಯ ಯಾಕೋ ಕಣ್ಣ ಮುಂದೆ ಬಂದ. ಅಷ್ಟರಲ್ಲಿ ಅಕ್ಕನೇ ಮಾತು ತೆಗೆದರು.

"ಹೆಂಗೂ ಫೋನ್ ಮಾಡಿದ್ದೀರಲ್ಲ, ಒಂದ್ ಮಾತು. ಮಗಳಿಗೆ ಮೈಸೂರಲ್ಲೇ ಸೀಟಾಗೋ ಥರ ಇದೆ. ಸರಸ್ವತಿಪುರಂ ಕಡೆ ಎಲ್ಲಾದ್ರೂ ಪಿಜಿ ಇದ್ರೆ ಹೇಳಿ. ಊಟ ಮನೆ ಥರ ಇರ್ಬೇಕು, ರಾತ್ರಿ ಎಂಟೂವರೆಗೆ ಗೇಟ್ ಹಾಕೋರಾಗ್ಬೇಕು, ಹೋಗ್ಲಿ ಒಂಬತ್ತು."

ಬರೆದುಕೊಂಡೆ. ಫೋನ್ ಇಟ್ಟು ಕೆಳಗೆ ಇಳಿದು ಹೋದೆ. ಓನರ್ ಆಂಟಿಯ ತಂಗಿ ಸರಸ್ವತಿಪುರಂನಲ್ಲೇ ಇರುವುದು.